ಮನೆಯ ಹಿರಿಯರು ಹೇಗೆ ಬದುಕಿದ್ದರು ಅಂತ ಬರೆಯೋಣ – ದಾವಣಗೆರೆ, ಚಿತ್ರದುರ್ಗದವರು ಬನ್ನಿ

ಹತ್ತಿನೂಲು (ದಾವಣಗೆರೆ)

ಎಲ್ಲರಿಗೂ ನಮಸ್ಕಾರ. ಮಹಾಲಯ ಅಮಾವಾಸ್ಯೆ ಹತ್ತಿರ ಬಂತು. ಹಿರಿಯರಿಗೆ ಎಡೆ ಇಡುತ್ತೇವೆ. ಹೊಸ ಬಟ್ಟೆ ಇಟ್ಟು, ಅವರಿಗೆ ಇಷ್ಟವಾದ ಅಡುಗೆ ಮಾಡಿ, ಫೋಟೊಗೆ ಹೂವು ಹಾಕಿ ಕೈ ಮುಗಿಯುತ್ತೇವೆ. ಮಕ್ಕಳು "ಇವರು ಯಾರು?" ಅಂತ ಕೇಳಿದರೆ "ನಿಮ್ಮ ಮುತ್ತಜ್ಜ" ಅನ್ನುತ್ತೇವೆ. ಅಲ್ಲಿಗೆ ಮಾತು ಮುಗಿಯಿತು. ಅವರು ಏನು ಕೆಲಸ ಮಾಡುತ್ತಿದ್ದರು, ಯಾವುದಕ್ಕೆ ನಗುತ್ತಿದ್ದರು, ಯಾವುದಕ್ಕೆ ರೇಗುತ್ತಿದ್ದರು, ಇದನ್ನೆಲ್ಲ ಯಾರೂ ಹೇಳುವುದಿಲ್ಲ.

ಸರ್ಕಲ್‌ಗಳಲ್ಲಿ ಕಟ್ಟುವ ಶ್ರದ್ಧಾಂಜಲಿ ಫ್ಲೆಕ್ಸ್‌ನಲ್ಲೂ ಅಷ್ಟೇ. ಫೋಟೊ, ಹೆಸರು, ಜನನ, ಮರಣ, ಕೆಳಗೆ ದುಃಖತಪ್ತ ಕುಟುಂಬದವರು. ಪೇಪರಿನ ಪುಣ್ಯಸ್ಮರಣೆಯಲ್ಲಿ "ನಿಮ್ಮ ಆದರ್ಶವೇ ನಮಗೆ ದಾರಿದೀಪ" ಅಂತ ಇರುತ್ತದೆ. ಹಾಕಬಾರದು ಅಂತ ನಾನು ಹೇಳುತ್ತಿಲ್ಲ, ನಮ್ಮ ಮನೆಯಲ್ಲೂ ಹಾಕಿಸಿದ್ದೇವೆ. ಆದರೆ ಆ ಆದರ್ಶ ಯಾವುದು ಅಂತ ಒಂದು ಸಾಲಾದರೂ ಬೇಕಲ್ವಾ? ಅದನ್ನು ಇಲ್ಲಿ ಬರೆಯೋಣ. ಹೊಗಳಿಕೆ ಬೇಡ. ಅವರ ಕೈ ಏನು ಮಾಡುತ್ತಿತ್ತು, ಬಾಯಲ್ಲಿ ಯಾವ ಮಾತು ಬರುತ್ತಿತ್ತು, ಅದನ್ನು ಬರೆಯಿರಿ.

ನಮ್ಮ ಅಪ್ಪನಿಂದ ಶುರು ಮಾಡುತ್ತೇನೆ. ದಾವಣಗೆರೆಯನ್ನು ಕರ್ನಾಟಕದ ಮ್ಯಾಂಚೆಸ್ಟರ್ ಅನ್ನುತ್ತಿದ್ದ ಕಾಲದಲ್ಲಿ ಅಪ್ಪ ಹತ್ತಿ ಗಿರಣಿ ಸೇರಿದರು. ರಿಂಗ್ ಫ್ರೇಮ್ ವಿಭಾಗ. ಸಾಲುಸಾಲು ಕದಿರುಗಳು ತಿರುಗುತ್ತಿರುತ್ತವೆ. ಎಲ್ಲಾದರೂ ನೂಲು ಕಿತ್ತರೆ ತಕ್ಷಣ ಹೆಬ್ಬೆರಳು, ತೋರುಬೆರಳಲ್ಲಿ ಹೊಸೆದು ಸೇರಿಸಬೇಕು. ಅದಕ್ಕಾಗಿ ಮಷೀನು ನಿಲ್ಲಿಸುವ ಹಾಗಿಲ್ಲ. ಅಪ್ಪನ ಬಲಗೈಯ ಆ ಎರಡು ಬೆರಳ ತುದಿ ಸವೆದು ನುಣ್ಣಗಾಗಿತ್ತು. ಮನೆಯಲ್ಲಿ ಅಮ್ಮ ಹೂವು ಕಟ್ಟುವಾಗ ದಾರ ಕಿತ್ತರೆ ಅಪ್ಪ ಸುಮ್ನೆ ಕೈ ಚಾಚುತ್ತಿದ್ದರು. ಎಲೆಯಡಿಕೆ ಹಾಕಿಕೊಳ್ಳುತ್ತಲೇ ಹೊಸೆದು ಕೊಡುತ್ತಿದ್ದರು. ಗಂಟು ಇರುತ್ತಿರಲಿಲ್ಲ. ಎಲ್ಲಿ ಕಿತ್ತಿತ್ತು ಅಂತ ಹುಡುಕಿದರೂ ಸಿಗುತ್ತಿರಲಿಲ್ಲ.

ಗಿರಣಿಯ ಸದ್ದಿನಲ್ಲಿ ಪಕ್ಕದವರ ಮಾತೂ ಕೇಳಿಸದು. ಅದಕ್ಕೆ ಅಲ್ಲಿನವರು ತುಟಿ ನೋಡಿಯೇ ಮಾತು ತಿಳಿದುಕೊಳ್ಳುತ್ತಿದ್ದರು. ಅಪ್ಪನಿಗೆ ಆ ಅಭ್ಯಾಸ ಕೊನೆತನಕ ಹೋಗಲಿಲ್ಲ. ನಾವು ದೂರದಲ್ಲಿ ಪಿಸುಗುಟ್ಟಿದರೂ ಗೊತ್ತಾಗುತ್ತಿತ್ತು. ಗಿರಣಿಗಳು ಒಂದೊಂದಾಗಿ ಬಾಗಿಲು ಹಾಕಿದ ಮೇಲೆ ಸೈಕಲ್ ಮೇಲೆ ಬಟ್ಟೆ ಮಾರಿದರು. ಅಂಚು ಮುಟ್ಟಿ "ಇದು ನಲವತ್ತರ ನೂಲು, ಅದು ಅರವತ್ತರದು, ಅದೇ ನಯ" ಅನ್ನುತ್ತಿದ್ದರು. ಬರಬೇಕಾದ ಬಾಕಿ ಹಣ ಪೂರ್ತಿ ಬರಲೇ ಇಲ್ಲ. ಆದರೂ ಗಿರಣಿ ಮುಂದೆ ಹಾದುಹೋಗುವಾಗ ಅಪ್ಪ ಸೈಕಲ್ ಇಳಿದು ತಳ್ಳಿಕೊಂಡು ಹೋಗುತ್ತಿದ್ದರು. ಯಾಕೆ ಅಂತ ನಾವು ಯಾರೂ ಕೇಳಲಿಲ್ಲ, ಅವರೂ ಹೇಳಲಿಲ್ಲ.

ಈಗ ನೀವು ಬರೆಯಿರಿ.

ಭಟ್ಟಿಮನೆ (ದಾವಣಗೆರೆ)

ಅಣ್ಣಾರೆ, ಸಲಾಂ. ನಿಮ್ಮ ಅಪ್ಪನ ಬೆರಳಿನ ಮಾತು ಓದಿ ನಮ್ಮ ದಾದಿಯ, ಅಂದರೆ ಅಬ್ಬಾನ ತಾಯಿಯ, ಅಂಗೈ ನೆನಪಾಯಿತು.

ದಾದಿ ಮಂಡಕ್ಕಿ ಭಟ್ಟಿಯಲ್ಲಿ ದುಡಿದವರು. ಮಿರ್ಚಿ ಮಂಡಕ್ಕಿ ತಿನ್ನುವವರಿಗೆ ಭಟ್ಟಿ ಒಳಗಿನ ಬಿಸಿ ಗೊತ್ತಿರುವುದಿಲ್ಲ. ಭತ್ತ ಬಿಸಿನೀರಲ್ಲಿ ನೆನೆಸಿ, ಹುರಿದು, ಒಣಗಿಸಿ, ಹೊಟ್ಟು ಬಿಡಿಸಿ ಅಕ್ಕಿ ಮಾಡಬೇಕು. ಆ ಅಕ್ಕಿಗೆ ಉಪ್ಪುನೀರು ಹಿಡಿಸಬೇಕು. ಆಮೇಲೆ ಕಾದ ಮರಳಿಗೆ ಹಾಕಿದರೆ ಚಟಪಟ ಅರಳುತ್ತದೆ. ತಕ್ಷಣ ಜರಡಿಗೆ ಎತ್ತಬೇಕು, ಮರಳು ಕೆಳಗೆ, ಮಂಡಕ್ಕಿ ಮೇಲೆ. ಒಂದು ಕ್ಷಣ ತಡವಾದರೆ ಕಪ್ಪು.

ಮರಳು ಹದಕ್ಕೆ ಬಂತಾ ಅಂತ ನೋಡಲು ದಾದಿ ಮೊದಲು ನಾಲ್ಕು ಕಾಳು ಎಸೆಯುತ್ತಿದ್ದರು. ಕೆಂಪಾದರೆ ಉರಿ ಜಾಸ್ತಿ. ಅರಳದೆ ಕಲ್ಲಾಗಿ ಉಳಿದರೆ ಕಮ್ಮಿ. ಕೆಲಸ ನಸುಕಿಗೆ ಮುಂಚೆ ಶುರು, ಬಿಸಿಲು ಏರುವ ಹೊತ್ತಿಗೆ ಒಲೆ ಮುಂದೆ ಕೂರೋಕೆ ಆಗುವುದಿಲ್ಲ. ಹೊಗೆಗೆ ಅವರ ಕಣ್ಣು ಯಾವಾಗಲೂ ಕೆಂಪಗೆ. ನಮ್ಮ ಅಬ್ಬಾನನ್ನು, ಚಾಚಾಗಳನ್ನು ಓದಿಸಿದ್ದು ಆ ದುಡ್ಡಲ್ಲೇ. ಈಗ ಮನೆಯಲ್ಲಿ ಒಬ್ಬರೂ ಭಟ್ಟಿ ಕೆಲಸಕ್ಕಿಲ್ಲ. ದಾದಿಗೆ ಬೇಕಾಗಿದ್ದೂ ಅದೇ.

ಷಬ್-ಎ-ಬರಾತ್ ರಾತ್ರಿ ಖಬರಸ್ತಾನಕ್ಕೆ ಹೋಗಿ ಫಾತಿಹಾ ಓದುತ್ತೇವೆ. ಹಿಂದಿನ ವರ್ಷದಿಂದ ಅಬ್ಬಾ ಅಲ್ಲೇ ನಿಂತು ಮೊಮ್ಮಕ್ಕಳಿಗೆ ದಾದಿಯ ಒಂದು ಸಂಗತಿ ಹೇಳುತ್ತಾರೆ. ಹುಡುಗರು ಅದನ್ನು ಕಾಯುತ್ತಾರೆ.

ಗದ್ದೆಬಯಲು (ಹರಿಹರ)

ಬಹಳ ಚೆನ್ನಾಗಿದೆ ಇಬ್ಬರದೂ. ಓದಿ ಮನಸ್ಸು ತುಂಬಿ ಬಂತು. ನನ್ನದೊಂದು ಬೇರೆ ಅಭಿಪ್ರಾಯ ಇದೆ, ಬೇಜಾರು ಮಾಡಿಕೊಳ್ಳಬೇಡಿ. ಮನೆಯವರ ವಿಷಯ ಹತ್ತು ಜನರ ಮುಂದೆ ಬರೆಯುವುದು ನಮ್ಮ ಪದ್ಧತಿ ಅಲ್ಲ. ಎಡೆ ಇಟ್ಟು ಕಾಗೆಗೆ ಅನ್ನ ಹಾಕುತ್ತೇವೆ, ನಾಲ್ಕು ಜನರಿಗೆ ಊಟ ಹಾಕುತ್ತೇವೆ. ಸ್ಮರಣೆ ಅಂದರೆ ಅದೇ ಅಲ್ವಾ? ಅಜ್ಜ ಅಜ್ಜಿಯೂ ಹಾಗೇ ಮಾಡಿಕೊಂಡು ಬಂದರು.

ಮೇಷ್ಟ್ರು (ಹೊಳಲ್ಕೆರೆ)

ಗದ್ದೆಬಯಲು ಅವರೇ, ಊಟ ಹಾಕುವುದು ದೊಡ್ಡ ಕೆಲಸ, ಅದು ಇರಲಿ. ಆದರೆ ಹತ್ತು ಜನರ ಮುಂದೆ ಹೇಳುವ ಪದ್ಧತಿ ನಮ್ಮಲ್ಲಿ ಇಲ್ಲ ಅಂತ ಒಪ್ಪಲಾರೆ. ನಮ್ಮ ಸೀಮೆಯಲ್ಲಿ ಯಾವುದಾದರೂ ಹಳೇ ಊರಿಗೆ ಹೋಗಿ, ಗುಡಿ ಪಕ್ಕದಲ್ಲೋ ಕೆರೆ ಏರಿ ಮೇಲೋ ವೀರಗಲ್ಲು ಇರುತ್ತದೆ. ಸಾಮಾನ್ಯವಾಗಿ ಮೂರು ಹಂತ. ಕೆಳಗಿನ ಹಂತದಲ್ಲಿ ಆತ ಹೋರಾಡುತ್ತಿದ್ದಾನೆ. ನಡುವೆ ಅಪ್ಸರೆಯರು ಕರೆದುಕೊಂಡು ಹೋಗುತ್ತಿದ್ದಾರೆ. ಮೇಲೆ ಶಿವಲಿಂಗದ ಮುಂದೆ ಕೂತಿದ್ದಾನೆ. ದನ ಹೊಡೆದುಕೊಂಡು ಹೋಗುವವರನ್ನು ತಡೆದು ಸತ್ತವನಿಗೆ ಹಸುಗಳನ್ನೂ ಕೆತ್ತಿರುತ್ತಾರೆ. ಓದು ಬಾರದವನಿಗೂ ಈ ಮನುಷ್ಯ ಏನು ಮಾಡಿದ ಅಂತ ಗೊತ್ತಾಗಬೇಕು, ಅದಕ್ಕೇ ಊರ ಮುಂದೆ ನಿಲ್ಲಿಸಿದ್ದು.

ಇನ್ನೂ ಹಿಂದಕ್ಕೆ ಹೋಗಬೇಕಾದರೆ ಮೊಳಕಾಲ್ಮುರು ತಾಲೂಕಿನ ಬ್ರಹ್ಮಗಿರಿಗೆ ಹೋಗಿ. ಅಶೋಕನ ಶಾಸನ ಇರುವ ಜಾಗ. ಅಲ್ಲಿ 1947ರಲ್ಲಿ ಮಾರ್ಟಿಮರ್ ವೀಲರ್ ಅಗೆಸಿದಾಗ ಕಲ್ಲು ಚಪ್ಪಡಿಯ ಗೋರಿಗಳು ಸಿಕ್ಕವು. ಸುತ್ತ ಕಲ್ಲಿನ ವೃತ್ತ, ಒಳಗೆ ಮಡಕೆಗಳು, ಕಬ್ಬಿಣದ ಆಯುಧಗಳು. ಬದುಕಿದ್ದಾಗ ಬಳಸಿದಂಥ ಸಾಮಾನನ್ನೇ ಜೊತೆಗೆ ಇಟ್ಟಿದ್ದಾರೆ. ಹುಡುಗರನ್ನು ಅಲ್ಲಿಗೆ ಪ್ರವಾಸ ಕರೆದುಕೊಂಡು ಹೋದಾಗಲೆಲ್ಲ ಅವರು ಕೇಳುತ್ತಿದ್ದ ಮೊದಲ ಪ್ರಶ್ನೆ "ಇವರ ಹೆಸರೇನು ಸಾರ್?" ಅಂತ. ಅದಕ್ಕೆ ಉತ್ತರ ಎಲ್ಲೂ ಇಲ್ಲ. ನಮ್ಮ ಮೊಮ್ಮಕ್ಕಳು ಕೇಳಿದರೆ ಹೇಳುವಷ್ಟಾದರೂ ನಾವು ಬರೆದಿಡೋಣ.

ಮಾರಿಕಣಿವೆ (ಹಿರಿಯೂರು)

ಮೇಷ್ಟ್ರೇ, ನಮಸ್ಕಾರ. ಒಂದು ಸಹಾಯ ಬೇಕು. ನಮ್ಮ ಅಜ್ಜಿ ಹುಟ್ಟಿದ ವರ್ಷ ಯಾರಿಗೂ ಗೊತ್ತಿಲ್ಲ. ವೋಟರ್ ಕಾರ್ಡಿನಲ್ಲಿ ಒಂದು ವಯಸ್ಸು, ರೇಷನ್ ಕಾರ್ಡಿನಲ್ಲಿ ಇನ್ನೊಂದು.

ಮಾರಿಕಣಿವೆ ಅಂದರೆ ವಾಣಿವಿಲಾಸ ಸಾಗರ. ಆ ಅಣೆಕಟ್ಟೆ ತುಂಬಿ ಕೋಡಿ ಬಿದ್ದಿದ್ದನ್ನು ಅಜ್ಜಿ ಕಣ್ಣಾರೆ ನೋಡಿದ್ದರು. ಅಪ್ಪನ ಹೆಗಲ ಮೇಲೆ ಕೂತು ನೋಡಿದ್ದಂತೆ. ಎತ್ತಿನ ಗಾಡಿ ಕಟ್ಟಿಕೊಂಡು ಊರಿಗೆ ಊರೇ ಹೋಗಿತ್ತಂತೆ. ನಾವು ಚಿಕ್ಕವರಿದ್ದಾಗ ಡ್ಯಾಮಿನ ತಳದಲ್ಲಿ ನೀರು ಎಲ್ಲೋ ಇರುತ್ತಿತ್ತು. 130 ಅಡಿ ತುಂಬುತ್ತದೆ ಅಂದರೆ ನಂಬೋಕೆ ಆಗುತ್ತಿರಲಿಲ್ಲ. ಅಜ್ಜಿ ಮಾತ್ರ "ತುಂಬತೈತೆ, ನೀನು ನೋಡ್ತೀಯ" ಅನ್ನುತ್ತಿದ್ದರು. 2022ರ ಸೆಪ್ಟೆಂಬರ್‌ನಲ್ಲಿ ಕೋಡಿ ಬಿತ್ತು. 1933 ಆದ ಮೇಲೆ ಅದೇ ಮೊದಲು. ಅಷ್ಟೊತ್ತಿಗೆ ಅಜ್ಜಿ ಇರಲಿಲ್ಲ. ನಾನು ಅಮ್ಮ, ಚಿಕ್ಕಮ್ಮನನ್ನು ಕರೆದುಕೊಂಡು ಹೋದೆ. ನೀರು ಧುಮುಕುವುದನ್ನು ನೋಡುತ್ತಾ ಚಿಕ್ಕಮ್ಮ ಅಜ್ಜಿ ಹೇಳುತ್ತಿದ್ದ ಹಾಗೇ ಕೈ ಎತ್ತಿ ತೋರಿಸಿ ಎಲ್ಲಾ ಮತ್ತೆ ಹೇಳಿದರು, ಅದೇ ಮಾತು, ಅದೇ ರಾಗ.

ಅಜ್ಜಿ ಯಾವ ವರ್ಷದವರು ಅಂತ ಹೇಗೆ ಲೆಕ್ಕ ಹಾಕುವುದು?

ಮೇಷ್ಟ್ರು (ಹೊಳಲ್ಕೆರೆ)

ಕೋಡಿ ಬಿದ್ದಿದ್ದು ಗಟ್ಟಿ ಗುರುತು ತಾಯಿ. ಇನ್ನೊಂದೆರಡು ಗುರುತು ಸೇರಿದರೆ ವರ್ಷ ಸಿಗುತ್ತದೆ.

ಮೊದಲು ಸಂವತ್ಸರ. ಮನೆಯಲ್ಲಿ ಹಿರಿಯರು ಯಾರಾದರೂ ಹೆಸರು ಹೇಳಿದ್ದು ನೆನಪಿದೆಯಾ ಕೇಳಿ. ಅರವತ್ತು ಹೆಸರು, ಅರವತ್ತು ವರ್ಷಕ್ಕೆ ಒಂದು ಸುತ್ತು. ಮೊದಲನೆಯದು ಪ್ರಭವ, ಅದು 1927ರ ಯುಗಾದಿಯಿಂದ 1928ರ ಯುಗಾದಿವರೆಗೆ. ಮತ್ತೆ ಪ್ರಭವ ಬಂದಿದ್ದು 1987ರಲ್ಲಿ. ನಿಮ್ಮ ಅಜ್ಜಿ ಕೋಡಿ ನೋಡಿದ ವರ್ಷ ಶ್ರೀಮುಖ. ಸ್ವಾತಂತ್ರ್ಯ ಬಂದ ವರ್ಷ ಸರ್ವಜಿತು. ಹೆಸರು ಸಿಕ್ಕರೆ ಬೆರಳಲ್ಲಿ ಎಣಿಸಬಹುದು. ಯುಗಾದಿಗೆ ಮುಂಚೆ ಹುಟ್ಟಿದವರಿಗೆ ಇಂಗ್ಲಿಷ್ ವರ್ಷ ಒಂದು ಮುಂದೆ ಹೋಗುತ್ತದೆ, ಅದೊಂದು ನೋಡಿಕೊಳ್ಳಿ.

ಆಮೇಲೆ ಮಳೆ. ನಮ್ಮ ಕಡೆ ರೈತರ ಮನೆಯಲ್ಲಿ ತಿಂಗಳು ಹೇಳುತ್ತಿರಲಿಲ್ಲ, ಮಳೆ ಹೇಳುತ್ತಿದ್ದರು. ಆರಿದ್ರ ಮಳೆ ಅಂದರೆ ಜೂನ್ 21ರ ಸುಮಾರಿನಿಂದ ಎರಡು ವಾರ. ಮಘೆ ಮಳೆ ಆಗಸ್ಟ್ ಮಧ್ಯದಿಂದ. ಹಸ್ತ ಮಳೆ ಸೆಪ್ಟೆಂಬರ್ ಕೊನೆಯಿಂದ. ಸ್ವಾತಿ ಅಕ್ಟೋಬರ್ ಕೊನೆಯಿಂದ. "ಮಘೆ ಮಳೆಯಲ್ಲಿ ಹುಟ್ಟಿದ್ದು" ಅಂತ ಒಂದು ಮಾತು ಸಿಕ್ಕರೆ ಹದಿನೈದು ದಿನದ ಒಳಗೆ ಬಂದ ಹಾಗೆ.

ಮೂರನೆಯದು ಊರಿನ ಸಂಕಟಗಳು. ಪ್ಲೇಗ್ ಬಂದು ಊರು ಬಿಟ್ಟು ಹೊಲದಲ್ಲಿ ಗುಡಿಸಲು ಹಾಕಿದ್ದು, 1918ರ ದೊಡ್ಡ ಜ್ವರ, 1972ರ ಬರ. ಮದುವೆ, ಮಗು, ಸಾವು ಎಲ್ಲವನ್ನೂ ಜನ ಇದರ ಹಿಂದೆ ಮುಂದೆ ಇಟ್ಟು ನೆನಪಿಟ್ಟುಕೊಂಡಿರುತ್ತಾರೆ.

ಶಾಲೆ ದಾಖಲೆಯನ್ನು ಕಣ್ಣು ಮುಚ್ಚಿ ನಂಬಬೇಡಿ. ಹುಟ್ಟಿದ ದಿನ ಗೊತ್ತಿಲ್ಲದ ಮಕ್ಕಳಿಗೆ ಜೂನ್ 1 ಅಂತ ಬರೆಯುವ ರೂಢಿ ಇತ್ತು. ನಮ್ಮ ಕಾಲದ ಅರ್ಧ ಊರು ಜೂನ್ 1ರಂದೇ ಹುಟ್ಟಿದೆ. ದಾವಣಗೆರೆಯವರು ಹಳೇ ಕಾಗದ ಹುಡುಕುವಾಗ ಚಿತ್ರದುರ್ಗ ಜಿಲ್ಲೆ ಅಂತಲೇ ನೋಡಬೇಕು. ದಾವಣಗೆರೆ ಬೇರೆ ಜಿಲ್ಲೆ ಆಗಿದ್ದು 1997ರಲ್ಲಿ.

ಉಚ್ಚಂಗಿ (ದಾವಣಗೆರೆ, ತವರು ಹರಪನಹಳ್ಳಿ ಕಡೆ)

ಮೇಷ್ಟ್ರು ಮಳೆ ಲೆಕ್ಕ ಹೇಳಿದ್ದು ಓದಿ ಬರೆಯಲೇಬೇಕು ಅನ್ನಿಸಿತು. ನಮ್ಮ ಅಜ್ಜಿ ಸೂಲಗಿತ್ತಿ. ಸುತ್ತ ಊರಿನ ಹೆರಿಗೆಗೆಲ್ಲ ಅವರೇ. ನಡುರಾತ್ರಿ ಲಾಟೀನು ಹಿಡಿದು ಯಾರಾದರೂ ಬಂದು ಕೂಗಿದರೆ ಸೆರಗು ಬಿಗಿದುಕೊಂಡು ಹೊರಟೇಬಿಡುತ್ತಿದ್ದರು. ತಾವು ಎತ್ತಿಕೊಂಡ ಮಕ್ಕಳನ್ನೆಲ್ಲ ಮಳೆಯಿಂದಲೇ ನೆನಪಿಟ್ಟಿದ್ದರು. ಸಂತೆಯಲ್ಲಿ ಮೀಸೆ ಬಂದ ಗಂಡಸನ್ನು ನಿಲ್ಲಿಸಿ "ಏ, ನೀನು ಆರಿದ್ರ ಮಳೆಯವನು, ಕಾಲು ಮುಂದಾಗಿ ಬಂದಿದ್ದೆ, ನಿಮ್ಮವ್ವ ಎಷ್ಟು ಕಷ್ಟಪಟ್ಲು ಗೊತ್ತೇನು? ಚೆನ್ನಾಗಿ ನೋಡ್ಕೋ" ಅನ್ನುತ್ತಿದ್ದರು. ಅವರು ತಲೆ ಬಗ್ಗಿಸಿ "ಹೂಂ ಅಜ್ಜಿ" ಅನ್ನುತ್ತಿದ್ದರು.

ದುಡ್ಡು ಕೇಳುತ್ತಿರಲಿಲ್ಲ. ಎಲೆ, ಅಡಿಕೆ, ಒಂದು ಸೇರು ಜೋಳ, ಉಳ್ಳವರಾದರೆ ಕುಪ್ಪಸದ ಕಣ. ಬಾಣಂತಿಗೆ ಎಣ್ಣೆ ಹಚ್ಚಿ ನೀರು ಹಾಕಲು ಮತ್ತೆ ಮತ್ತೆ ಹೋಗುತ್ತಿದ್ದರು. ಪಾವಗಡದ ಸೂಲಗಿತ್ತಿ ನರಸಮ್ಮನವರಿಗೆ 2018ರಲ್ಲಿ ಪದ್ಮಶ್ರೀ ಬಂದಾಗ ನಮ್ಮ ಮನೆಯಲ್ಲಿ ಎಲ್ಲರೂ ಟಿವಿ ಮುಂದೆ ಕೂತು ಅತ್ತೆವು. ನಮ್ಮ ಅಜ್ಜಿಗೇ ಬಂದ ಹಾಗಿತ್ತು.

ಈಗ ನನ್ನ ನೋವು ಹೇಳುತ್ತೇನೆ. ನಮ್ಮ ಮನೆಗೆ ಸುಗ್ಗಿ ಆದ ಮೇಲೆ ಹೆಳವರು ಬರುತ್ತಿದ್ದರು. ಮನೆತನದ ಹೆಸರು ಹಿಡಿದು ತಲೆತಲಾಂತರದ ವಂಶಾವಳಿ ಹೇಳಿ, ಕಾಳು ತೆಗೆದುಕೊಂಡು ಹೋಗುತ್ತಿದ್ದರು. ಕೇಳೋಕೆ ಎಷ್ಟು ಚೆಂದ. ಆದರೆ ನಮ್ಮ ಮನೆಯಲ್ಲಿ ಓದಿದ್ದರಲ್ಲಿ ಇಂಥವನ ಮಗ ಇಂಥವನು ಅಂತ ಗಂಡಸರ ಹೆಸರೇ. ಪಹಣಿ ನೋಡಿದರೂ ಅಜ್ಜನ ಹೆಸರು. ತೀರಿಕೊಂಡವರ ಜಮೀನನ್ನು ವಾರಸುದಾರರ ಹೆಸರಿಗೆ ಮಾಡಿಸುವ ಪೌತಿ ಖಾತೆಗೆ ಅಂತ ವಂಶವೃಕ್ಷ ಮಾಡಿಸಿದಾಗ ಅಜ್ಜಿ ಬರೀ "ಹೆಂಡತಿ". 1951–52ರ ಮೊದಲ ಚುನಾವಣೆ ಹೊತ್ತಿಗೆ ದೇಶದಲ್ಲಿ ಸುಮಾರು 28 ಲಕ್ಷ ಹೆಂಗಸರು ಮತದಾರರ ಪಟ್ಟಿಯಿಂದ ಬಿಟ್ಟುಹೋದರು. ತಮ್ಮ ಹೆಸರು ಹೇಳದೆ ಇಂಥವರ ಹೆಂಡತಿ, ಇಂಥವರ ಮಗಳು ಅಂತ ಬರೆಸಿದ್ದರಿಂದ. ಅದು ಬೇರೆ ರಾಜ್ಯಗಳ ಕಡೆ ಜಾಸ್ತಿ ಆಗಿದ್ದು. ಆದರೆ ನಮ್ಮ ಮನೆಗಳ ಕಾಗದ ತೆಗೆದರೆ ಇವತ್ತಿಗೂ ಅದೇ ಕಾಣುತ್ತದೆ.

ಅದಕ್ಕೆ ನನ್ನದೊಂದು ಕೋರಿಕೆ. ಬರೆಯುವಾಗ ಅಜ್ಜಿಯ ಹೆಸರು, ಅವರ ತವರು, ಅವರ ತಾಯಿಯ ಹೆಸರು, ಇಷ್ಟು ಮೊದಲು ಬರೆಯಿರಿ. ಇಲ್ಲಿ ಹಾಕದಿದ್ದರೂ ಮನೆಯ ಪುಸ್ತಕದಲ್ಲಾದರೂ ಬರೆಯಿರಿ.

ಕಂಬಳಿಮಗ್ಗ (ಚಳ್ಳಕೆರೆ)

ಅಕ್ಕಾರೆ, ನೀವು ಹೇಳಿದ್ದು ನೂರಕ್ಕೆ ನೂರು ಸರಿ. ನಮ್ಮಲ್ಲಿ ಕಂಬಳಿ ನೇಯುವುದು ಅಜ್ಜ ಅಂತ ಎಲ್ಲರೂ ಹೇಳುತ್ತಾರೆ. ಉಣ್ಣೆ ಹಿಂಜಿ, ರಾಟೆಯಲ್ಲಿ ನೂಲು ತೆಗೆದಿದ್ದು ಅಜ್ಜಿ. ನೂಲಿಲ್ಲದೆ ಮಗ್ಗ ಏನು ಮಾಡುತ್ತದೆ?

ಅಜ್ಜಿ ಮಾಡುತ್ತಿದ್ದ ಇನ್ನೊಂದು ಕೆಲಸ ಹುಣಸೆ ಬೀಜದ ಗಂಜಿ. ಬೀಜ ಹುರಿದು, ಸಿಪ್ಪೆ ತೆಗೆದು, ನೆನೆಸಿ, ಕಲ್ಲಲ್ಲಿ ಅರೆದು, ಕುದಿಸಿ ಗಂಜಿ ಮಾಡಬೇಕು. ಅದನ್ನು ಮಗ್ಗಕ್ಕೆ ಉದ್ದಕ್ಕೆ ಕಟ್ಟುವ ಹಾಸು ನೂಲಿಗೆ ಬಳಿದು ಬಿಸಿಲಿಗೆ ಬಿಡಬೇಕು. ಉಣ್ಣೆ ನೂಲು ಅಷ್ಟು ಗಟ್ಟಿ ಇರುವುದಿಲ್ಲ, ಗಂಜಿ ಕುಡಿದ ಮೇಲೇ ಮಗ್ಗದ ಎಳೆತ ತಡೆಯುತ್ತದೆ. ಬೀದಿ ಉದ್ದಕ್ಕೂ ನೂಲು ಹಾಸಿ ಬಳಿಯುವಾಗ ಮಕ್ಕಳು ದಾಟಬಾರದು, ದಾಟಿದರೆ ಅಜ್ಜಿ ಗಂಜಿ ಬಳಿಯುವ ಗುಂಜನ್ನೇ ಎಸೆಯುತ್ತಿದ್ದರು. ಗಂಜಿ ಹದ ನೋಡಲು ಎರಡು ಬೆರಳ ನಡುವೆ ಹಿಡಿದು ಬಿಡಿಸುತ್ತಿದ್ದರು, ಎಳೆ ಬಂದರೆ ಸರಿ. ಆ ಹುಳಿ ವಾಸನೆ ಅಜ್ಜಿಯ ಸೀರೆಯಿಂದ ಯಾವತ್ತೂ ಹೋಗಲಿಲ್ಲ.

ಅಜ್ಜ ಗುಂಡಿ ಮಗ್ಗದಲ್ಲಿ ಕಾಲು ಇಳಿಬಿಟ್ಟು ಕೂತರೆ ಎದ್ದೇಳುತ್ತಿದ್ದುದು ಊಟಕ್ಕೆ ಮಾತ್ರ. ನಮ್ಮ ಕಡೆ ಒಳ್ಳೆಯದಕ್ಕೂ ಕೆಟ್ಟದ್ದಕ್ಕೂ ಕರಿ ಕಂಬಳಿ ಗದ್ದಿಗೆ ಬೇಕು. ಅಜ್ಜ ತೀರಿಕೊಂಡಾಗ ಹಾಸಿದ್ದು ಅವರೇ ನೇಯ್ದ ಕಂಬಳಿ, ಅಜ್ಜಿ ತೆಗೆದ ನೂಲು. ಅದನ್ನು ಈಗಲೂ ಬೇವಿನ ಎಲೆ ಹಾಕಿ ಇಟ್ಟಿದ್ದೇವೆ.

ಹೆಸರು ಬೇಡ

ಎಲ್ಲರೂ ಒಳ್ಳೆಯವರ ಬಗ್ಗೆ ಬರೆಯುತ್ತಿದ್ದೀರಿ. ನಮ್ಮ ಅಪ್ಪ ಕುಡಿಯುತ್ತಿದ್ದರು. ಕುಡಿದು ಬಂದು ಅಮ್ಮನಿಗೆ ಹೊಡೆಯುತ್ತಿದ್ದರು. ಕುಡಿಯದ ದಿನ ಅವರಂಥ ಮನುಷ್ಯ ಇಲ್ಲ. ನನ್ನನ್ನು ಹೆಗಲ ಮೇಲೆ ಕೂರಿಸಿಕೊಂಡು ದುರ್ಗದ ಕೋಟೆ ಪೂರ್ತಿ ಹತ್ತಿಸಿದ್ದಾರೆ. ಓಬವ್ವನ ಕಿಂಡಿ ಹತ್ತಿರ ನಿಂತು ಕಥೆ ಹೇಳಿದ್ದಾರೆ. ತೀರಿಕೊಂಡು ಬಹಳ ವರ್ಷ ಆಯಿತು. ಎಡೆ ಇಡುವಾಗ ಅಮ್ಮ ಏನೂ ಮಾತಾಡುವುದಿಲ್ಲ. ಇಂಥವರ ಬಗ್ಗೆ ಏನು ಬರೆಯುವುದು?

ಗದ್ದೆಬಯಲು (ಹರಿಹರ)

ತಮ್ಮಾ, ಹೋದವರ ಬಗ್ಗೆ ಕೆಟ್ಟದ್ದು ಆಡಬಾರದು ಅಂತ ನಮ್ಮ ಹಿರಿಯರು ಹೇಳುತ್ತಾರೆ. ಕೋಟೆ ಹತ್ತಿಸಿದ್ದು ಬರಿ, ಸಾಕು. ಉಳಿದಿದ್ದು ಮಣ್ಣಿಗೆ ಹೋಯಿತು ಅಂದುಕೋ.

ಉಚ್ಚಂಗಿ (ದಾವಣಗೆರೆ)

ಅಣ್ಣಾ, ನಿಮ್ಮ ಮನಸ್ಸು ದೊಡ್ಡದು, ಆದರೆ ಮಣ್ಣಿಗೆ ಹೋಗಿಲ್ಲ. ಏಟು ತಿಂದವರು ಇನ್ನೂ ಮನೆಯಲ್ಲಿ ಕೂತಿದ್ದಾರೆ. ಅಪ್ಪನ ಒಳ್ಳೆಯದನ್ನಷ್ಟೇ ಬರೆದು ಓದಿದರೆ ಆ ತಾಯಿಗೆ ಹೇಗಾಗಬೇಡ?

ತಮ್ಮಾ, ಎರಡನ್ನೂ ಬರಿ. ಅದಕ್ಕೂ ಮುಂಚೆ ಅಮ್ಮನನ್ನು ಕೇಳು. ನಿಮ್ಮನ್ನು ಹೇಗೆ ಸಾಕಿದರು, ಕೈಯಲ್ಲಿ ಎಷ್ಟು ಕಾಸಿತ್ತು, ಯಾರ ಮನೆಗೆ ಹೋಗಿ ಮಲಗುತ್ತಿದ್ದಿರಿ. ಅವರು ಹೇಳಿದರೆ ಅವರ ಮಾತಿನಲ್ಲೇ ಬರಿ. ಹೇಳದಿದ್ದರೆ ಬಿಡು, ಒತ್ತಾಯ ಬೇಡ. ಇಲ್ಲಿ ಹಾಕಬೇಕು ಅಂತೇನಿಲ್ಲ.

ಹತ್ತಿನೂಲು (ದಾವಣಗೆರೆ)

ನನ್ನದೂ ಅಕ್ಕನ ಮಾತೇ. ತಮ್ಮಾ, ಈ ಚರ್ಚೆ ಸತ್ತವರಿಗಾಗಿ ಮಾತ್ರ ಅಲ್ಲ. ಅಮ್ಮ ಇದ್ದಾರೆ, ಅದು ದೊಡ್ಡದು. ಅಪ್ಪನ ಪುಟ ಖಾಲಿ ಇದ್ದರೂ ಪರವಾಗಿಲ್ಲ, ಅಮ್ಮನ ಪುಟ ತುಂಬಿಸು.

ಹೆಸರು ಬೇಡ

ಸರಿ ಅಣ್ಣಾ, ಅಕ್ಕಾ. ಅಮ್ಮನನ್ನು ಕೇಳುತ್ತೇನೆ. ಗದ್ದೆಬಯಲು ಅಣ್ಣನಿಗೂ ಥ್ಯಾಂಕ್ಸ್.

ಬೆಣ್ಣೆದೋಸೆ (ದಾವಣಗೆರೆ)

ನಮ್ಮಣ್ಣ 2021ರಲ್ಲಿ ಕೊರೊನಾ ಎರಡನೇ ಅಲೆಯಲ್ಲಿ ಹೋದ. ಮುಖ ದೂರದಿಂದ ನೋಡಿದೆವು ಅಷ್ಟೇ. ಭಜನೆ ಇಲ್ಲ, ಹೆಗಲು ಕೊಡುವವರಿಲ್ಲ. ಅದರ ಬಗ್ಗೆ ಜಾಸ್ತಿ ಬರೆಯೋಕೆ ಆಗಲ್ಲ.

ಅಣ್ಣ ಹೋಟೆಲಿನಲ್ಲಿ ದೋಸೆ ಹಾಕುತ್ತಿದ್ದ. ಕಟ್ಟಿಗೆ ಒಲೆ. ಗ್ಯಾಸ್ ಮೇಲೆ ಹಾಕಿದ್ದು ಬೆಣ್ಣೆ ದೋಸೆ ಅಲ್ಲವೇ ಅಲ್ಲ ಅನ್ನುತ್ತಿದ್ದ. ಹಿಟ್ಟಿಗೆ ಮಂಡಕ್ಕಿ ರುಬ್ಬಿ ಸೇರಿಸುವಾಗ ಯಾರೂ ಮಾತಾಡಿಸುವ ಹಾಗಿಲ್ಲ. ಬೆಣ್ಣೆ ಎರಡು ಸಲ, ಹಿಟ್ಟು ಹರಡಿದ ಮೇಲೊಮ್ಮೆ, ಮಗುಚುವ ಮುಂಚೆ ಒಮ್ಮೆ. ಆಲೂಗಡ್ಡೆ ಪಲ್ಯಕ್ಕೆ ಅರಿಶಿನ ಹಾಕಿದರೆ ರೇಗುತ್ತಿದ್ದ. ಕಾವಲಿಗೆ ನೀರು ಚಿಮುಕಿಸಿ ಆ ಸುಂಯ್ ಸದ್ದು ಕೇಳಿ ಹದ ಹೇಳುತ್ತಿದ್ದ, ನೋಡುತ್ತಲೇ ಇರಲಿಲ್ಲ. ಅವನ ಮಗ ಈಗ ಪಿಯುಸಿ. ಭಾನುವಾರ ಮನೆಯಲ್ಲಿ ದೋಸೆ ಅವನದೇ. ಯಾರೂ ಹೇಳಿಕೊಟ್ಟಿಲ್ಲ, ಅವನೂ ಕಾವಲಿಯತ್ತ ಕಿವಿ ಕೊಡುತ್ತಾನೆ.

ಅಣ್ಣನ ವಾಯ್ಸ್ ಮೆಸೇಜುಗಳು ನನ್ನ ಫೋನಿನಲ್ಲಿವೆ. ಅವು ಹೋಗಿಬಿಟ್ಟರೆ ಅಂತ ಭಯ. ಏನು ಮಾಡಬೇಕು?

ಮೊಬೈಲ್ ರಿಪೇರಿ (ಚಿತ್ರದುರ್ಗ)

ಅಕ್ಕಾ, ಇವತ್ತೇ ಮಾಡಿಬಿಡಿ. ವಾಟ್ಸಾಪ್‌ನಲ್ಲಿ ಅಣ್ಣನ ಚಾಟ್ ತೆಗೆಯಿರಿ. ಮೂರು ಚುಕ್ಕಿ ಒತ್ತಿ, ಮೋರ್, ಅಲ್ಲಿ ಎಕ್ಸ್‌ಪೋರ್ಟ್ ಚಾಟ್. ಮೀಡಿಯಾ ಸೇರಿಸಬೇಕಾ ಅಂತ ಕೇಳುತ್ತದೆ, ಸೇರಿಸಿ. ಮೆಸೇಜು, ಧ್ವನಿ ಎರಡೂ ಬರುತ್ತವೆ. ಅದನ್ನು ನಿಮ್ಮ ಮೇಲ್‌ಗೆ ಅಥವಾ ಡ್ರೈವ್‌ಗೆ ಕಳಿಸಿ, ಒಂದು ಪೆನ್‌ಡ್ರೈವ್‌ಗೂ ಹಾಕಿ. ಮೊದಲೇ ಎಲ್ಲಾ ವಾಯ್ಸ್ ಡೌನ್‌ಲೋಡ್ ಆಗಿವೆಯಾ ನೋಡಿಕೊಳ್ಳಿ. ಚಾಟ್ ಬಹಳ ದೊಡ್ಡದಿದ್ದರೆ ಎಲ್ಲಾ ಬರದೇ ಇರಬಹುದು. ಮುಖ್ಯವಾದ ಧ್ವನಿಗಳನ್ನು ಒಂದೊಂದಾಗಿ ಬೇರೆ ಸೇವ್ ಮಾಡಿ.

ಅಣ್ಣನ ಫೋನು ನಿಮ್ಮ ಹತ್ತಿರ ಇದ್ದರೆ ಅದರಲ್ಲಿರುವ ಫೋಟೊಗಳನ್ನೂ ತೆಗೆದಿಡಿ. ವಾಟ್ಸಾಪ್ ಖಾತೆ 120 ದಿನ ಬಳಕೆ ಇಲ್ಲದಿದ್ದರೆ ಸಾಮಾನ್ಯವಾಗಿ ಅಳಿಸಿಹೋಗುತ್ತದೆ. ರೀಚಾರ್ಜ್ ನಿಂತ ಸಿಮ್ಮಿನ ನಂಬರ್ ಕೆಲವು ತಿಂಗಳಾದ ಮೇಲೆ ಬೇರೆಯವರಿಗೆ ಹೋಗಬಹುದು. ಎಷ್ಟೋ ಜನ ಅಂಗಡಿಗೆ ಬಂದು "ಅಪ್ಪನ ನಂಬರಿಗೆ ಯಾರದೋ ಡಿಪಿ ಬಂದಿದೆ" ಅಂತ ಕಣ್ಣೀರು ಹಾಕಿದ್ದಾರೆ.

ಹಳೇ ಫೋಟೊ ಗಾಜಿಗೆ ಅಂಟಿಕೊಂಡಿದ್ದರೆ ಕೀಳಬೇಡಿ, ಮುಖವೇ ಎದ್ದು ಬರುತ್ತದೆ. ಗಾಜಿನ ಸಮೇತ ಕಿಟಕಿ ಬೆಳಕಿನಲ್ಲಿ, ಫ್ಲ್ಯಾಷ್ ಹಾಕದೆ, ಸ್ವಲ್ಪ ಓರೆಯಾಗಿ ಫೋಟೊ ತೆಗೆಯಿರಿ. ಹಿಂದೆ ಹೆಸರು ಬರೆಯುವುದಾದರೆ ಮೆತ್ತನೆ ಪೆನ್ಸಿಲ್. ಬಾಲ್‌ಪೆನ್ ಒತ್ತಿದರೆ ಮುಂದೆ ಗೀರು ಮೂಡುತ್ತದೆ. ಕ್ಯಾಸೆಟ್ ಇದ್ದವರು ಅಂಗಡಿಗೆ ತನ್ನಿ, ಪ್ಲೇಯರ್ ಇದೆ. ಹಿರಿಯರ ಧ್ವನಿ ಇರುವ ಕ್ಯಾಸೆಟ್ಟಿಗೆ ನಾನು ದುಡ್ಡು ತೆಗೆದುಕೊಳ್ಳುವುದಿಲ್ಲ.

ಬೆಣ್ಣೆದೋಸೆ (ದಾವಣಗೆರೆ)

ಆಯಿತು ತಮ್ಮಾ. ಎಲ್ಲಾ ಬಂದವು. ಒಂದರಲ್ಲಿ "ಸಂಜೆ ಬರುವಾಗ ಕಾಯಿ ತಗೊಂಬಾ, ಚಟ್ನಿಗಿಲ್ಲ" ಅಂತ ಇದೆ. ಅಷ್ಟೇ. ಅಣ್ಣನ ಮಗನಿಗೂ ಕಳಿಸಿದೆ. ನಿಮಗೆ ಒಳ್ಳೆಯದಾಗಲಿ.

ಗದ್ದೆಬಯಲು (ಹರಿಹರ)

ಇಷ್ಟು ದಿನ ಓದುತ್ತಾ ಇದ್ದೆ. ನಮ್ಮ ಅವ್ವನ ಬಗ್ಗೆ ಎರಡು ಮಾತು ಬರೆಯಬೇಕು ಅನ್ನಿಸಿದೆ. ನಮ್ಮದು ಲಿಂಗಾಯತರ ಮನೆ, ತೀರಿಕೊಂಡವರ ನೆನಪಿಗೆ ವರ್ಷಕ್ಕೊಮ್ಮೆ ಶಿವಗಣಾರಾಧನೆ ಮಾಡುತ್ತೇವೆ. ಅವ್ವ ಹೊಳೆಗೆ ಹೋಗಿ ಬಂದು ಒಲೆ ಹಚ್ಚುವ ಮುಂಚೆ ಒಂದು ಹಿಡಿ ಅಕ್ಕಿ ಬೇರೆ ಗಡಿಗೆಗೆ ಹಾಕುತ್ತಿದ್ದರು. ಹಬ್ಬ ಇರಲಿ, ಬರ ಇರಲಿ, ದಿನಾ. ತಿಂಗಳು ತುಂಬಿದಾಗ ಆ ಅಕ್ಕಿ ಮಠದ ದಾಸೋಹಕ್ಕೆ. ಕೊಟ್ಟಿದ್ದನ್ನು ಯಾರಿಗೂ ಹೇಳುತ್ತಿರಲಿಲ್ಲ. ಆ ಗಡಿಗೆ ಈಗಲೂ ಅಡುಗೆಮನೆಯಲ್ಲಿದೆ, ನಮ್ಮ ಮನೆಯವಳು ಅಕ್ಕಿ ಹಾಕುತ್ತಾಳೆ. ಈ ಸಲ ಆರಾಧನೆಗೆ ಬಂದವರಿಗೆ ಊಟಕ್ಕೆ ಮುಂಚೆ ಇದನ್ನು ಹೇಳುತ್ತೇನೆ.

ಮಾರಿಕಣಿವೆ (ಹಿರಿಯೂರು)

ಮೇಷ್ಟ್ರೇ, ಸಿಕ್ಕಿತು! ಚಿಕ್ಕಮ್ಮನ ಹತ್ತಿರ ಕೂತು ಒಂದೊಂದಾಗಿ ಕೇಳಿದೆ. ಕೋಡಿ ನೋಡೋಕೆ ಹೋದಾಗ ಅಜ್ಜಿಗೆ ಮುಂದಿನ ಹಾಲುಹಲ್ಲು ಬಿದ್ದಿತ್ತಂತೆ. ಆ ಹಲ್ಲನ್ನು ಸಗಣಿಯಲ್ಲಿ ಸುತ್ತಿ ಮಾಡಿನ ಮೇಲೆ ಎಸೆದ ಕಥೆಯನ್ನು ಅಜ್ಜಿ ಚಿಕ್ಕಮ್ಮನಿಗೆ ಹೇಳಿದ್ದರು. ಸಂವತ್ಸರ ಕೇಳಿದರೆ ಚಿಕ್ಕಮ್ಮ ತಡಕಾಡಲೇ ಇಲ್ಲ, "ಮೊದಲನೇದೇ, ಪ್ರಭವ" ಅಂದರು. ಮಳೆ ಹಸ್ತ. ಅಂದರೆ 1927, ಸೆಪ್ಟೆಂಬರ್ ಕೊನೆ ಅಥವಾ ಅಕ್ಟೋಬರ್ ಮೊದಲು. ಸರಿ ಇದೆಯಾ?

ಮೇಷ್ಟ್ರು (ಹೊಳಲ್ಕೆರೆ)

ಸರಿಯಾಗಿದೆ ತಾಯಿ. 1933ರಲ್ಲಿ ಆರು ವರ್ಷ, ಹಾಲುಹಲ್ಲು ಬೀಳುವ ವಯಸ್ಸೇ. ಮೂರು ಗುರುತೂ ಒಂದೇ ಕಡೆ ಸೇರಿದವು. ಚಿಕ್ಕಮ್ಮನವರಿಗೆ ನನ್ನ ನಮಸ್ಕಾರ ಹೇಳಿ. ಅವರು ಹೇಳುವ ಉಳಿದಿದ್ದನ್ನೂ ಬರೆದುಕೊಳ್ಳಿ, ಫೋನಿನಲ್ಲಿ ರೆಕಾರ್ಡ್ ಮಾಡಿಕೊಂಡರೆ ಇನ್ನೂ ಒಳ್ಳೆಯದು.

ಮಾರಿಕಣಿವೆ (ಹಿರಿಯೂರು)

ಶುರು ಮಾಡಿದ್ದೇನೆ ಮೇಷ್ಟ್ರೇ. ಇನ್ನೊಂದು ಹೊಸ ವಿಷಯ ಗೊತ್ತಾಯಿತು. ಅಜ್ಜಿ ನಾಲೆ ಕೆಳಗಿನ ಗದ್ದೆಗಳಿಗೆ ಕೂಲಿಗೆ ಹೋಗುತ್ತಿದ್ದಾಗ ನಾಟಿ ಹಾಡು ಎತ್ತಿಕೊಡುತ್ತಿದ್ದವರು ಅವರೇ. ಅವರು ಒಂದು ಸಾಲು ಹೇಳಿದರೆ ಉಳಿದ ಹೆಂಗಸರು ಬಗ್ಗಿದಲ್ಲೇ ಸೊಲ್ಲು ಹೇಳುತ್ತಿದ್ದರಂತೆ. ಮನೆಯಲ್ಲಿ ಅಜ್ಜಿ ಹಾಡಿದ್ದನ್ನು ನಾವು ಯಾರೂ ಕೇಳಿಲ್ಲ. ಚಿಕ್ಕಮ್ಮನಿಗೆ ರಾಗ ಗೊತ್ತು, ಮಾತು ಮೊದಲೆರಡು ಸಾಲು ಮಾತ್ರ ನೆನಪಿದೆ. ಧರ್ಮಪುರದ ಕಡೆಯಿಂದ ಆ ಕಾಲದಲ್ಲಿ ನಾಟಿಗೆ ಬರುತ್ತಿದ್ದ ಹೆಂಗಸರು ಇನ್ನೂ ಇದ್ದಾರೆ ಅಂತ ಚಿಕ್ಕಮ್ಮ ಹೇಳುತ್ತಾರೆ. ಇಲ್ಲಿ ಆ ಕಡೆಯವರು ಯಾರಾದರೂ ಇದ್ದರೆ ನಿಮ್ಮ ಮನೆಯ ಹಿರಿಯರನ್ನು ಕೇಳಿ ತಿಳಿಸಿ. ಚಿಕ್ಕಮ್ಮನನ್ನು ಕರೆದುಕೊಂಡು ನಾನೇ ಬರುತ್ತೇನೆ.